ಆ್ಯಪ್‌ನಲ್ಲಿ ನೇರಪ್ರಸಾರದ ಪಂದ್ಯ ನೋಡುವವರು ಮಾಡಿಕೊಳ್ಳಬೇಕಾದ ಸಿದ್ಧತೆ

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್‌ನ ಕೊನೆಯ ಓವರ್ ನಡೆಯುತ್ತಿತ್ತು. ಪಂಜಾಬ್ ತಂಡಕ್ಕೆ 29 ರನ್ ಬೇಕಿತ್ತು. ನಮ್ಮ ಟಿವಿಯಲ್ಲಿ ಹೇಜಲ್‌ವುಡ್ ಇನ್ನೂ ಎರಡನೇ ಎಸೆತಕ್ಕೆ ಓಡಿ ಬರುತ್ತಿರುವಾಗಲೇ ಹಿಂದಿನ ಬೀದಿಯಲ್ಲಿ ಪಟಾಕಿ ಸಿಡಿಯಿತು. ಆ ಎಸೆತಕ್ಕೂ ರನ್ ಬರಲಿಲ್ಲವೆಂದು, ಉಳಿದ ನಾಲ್ಕನ್ನೂ ಸಿಕ್ಸರ್ ಹೊಡೆದರೂ ಗುರಿ ಮುಟ್ಟಲಾರರೆಂದು ನೋಡುವ ಮೊದಲೇ ತಿಳಿದುಹೋಯಿತು.

ಈ ವಿಳಂಬಕ್ಕೆ ಮನೆಯ ಇಂಟರ್ನೆಟ್ ವೇಗ ಮುಖ್ಯ ಕಾರಣವಲ್ಲ. ಆದ್ದರಿಂದ ದುಬಾರಿ ಪ್ಲ್ಯಾನ್ ಹಾಕಿಸಿದರೂ ಅದು ನೀಗುವುದಿಲ್ಲ. ಆ್ಯಪ್‌ಗಳು ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳುಹಿಸುತ್ತವೆ. ತುಣುಕು 6 ಸೆಕೆಂಡಿನದಾಗಿದ್ದು, ಮೂರನ್ನು ಕೂಡಿಟ್ಟುಕೊಂಡೇ ಆಟ ತೋರಿಸಲು ತೊಡಗಿದರೆ ಅಲ್ಲಿಗೇ 18 ಸೆಕೆಂಡು ಹಿಂದುಳಿದಂತಾಯಿತು. ಡಿಟಿಎಚ್ ಸಂಕೇತವಾದರೋ 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿಬರಲು ಕಾಲು ಸೆಕೆಂಡು ಸಾಕು. ಪಕ್ಕದ ಮನೆಯವರಿಗಿಂತ ಮೊದಲು ಕೂಗಲೇಬೇಕೆಂಬ ಹಟವಿದ್ದವರು ಹಳೆಯ ಸೆಟ್ ಟಾಪ್ ಬಾಕ್ಸನ್ನು ಅಟ್ಟಕ್ಕೆ ಹಾಕದಿರುವುದು ಒಳ್ಳೆಯದು.

ಆದರೂ ಈ ಅಂತರ ಇನ್ನಷ್ಟು ಬೆಳೆಯದಂತೆ ನೋಡಿಕೊಳ್ಳಬಹುದು. ನಡುವೆ ಚಿತ್ರ ನಿಂತು ಚಕ್ರ ತಿರುಗಿದರೆ, ಅಥವಾ ನೀವೇ ಕಾಫಿಗೆಂದು ನಿಲ್ಲಿಸಿ ಎದ್ದು ಹೋದರೆ, ಆಟ ನಿಂತಲ್ಲಿಂದಲೇ ಮುಂದುವರಿಯಬಹುದು. ಆಗ ಪರದೆಯ ಮೂಲೆಯ ‘ಲೈವ್’ ಗುಂಡಿಯನ್ನು ಒತ್ತಿ ಮುಂದಕ್ಕೆ ಬರಬೇಕು. ಸ್ಕೋರ್ ತಿಳಿಸುವ ಆ್ಯಪ್‌ಗಳ ನೋಟಿಫಿಕೇಶನ್‌ಗಳನ್ನೂ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪನ್ನೂ ಪಂದ್ಯ ಮುಗಿಯುವವರೆಗೆ ಮ್ಯೂಟ್ ಮಾಡಿಡಿ.

ಚಿತ್ರ ಪದೇ ಪದೇ ನಿಲ್ಲುವುದಕ್ಕೆ ಮಾತ್ರ ಮನೆಯೊಳಗೇ ಮದ್ದಿರುವುದುಂಟು. ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಸಾಕು. ಕೊರತೆಯಾಗುವುದು ಹೆಚ್ಚಾಗಿ ರೌಟರ್ ಮತ್ತು ಟಿವಿಯ ನಡುವೆ. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಅಕ್ಕಪಕ್ಕದ ರೌಟರ್‌ಗಳಿಂದ ಕಿಕ್ಕಿರಿದಿರುವುದರಿಂದ, ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯುವುದೇ ಎಲ್ಲಕ್ಕಿಂತ ಉತ್ತಮ. ಅದಾಗದಿದ್ದರೆ ರೌಟರ್ ಅದೇ ಕೋಣೆಯಲ್ಲಿರುವಾಗ 5 ಗಿಗಾಹರ್ಟ್ಸ್ ಆರಿಸಿಕೊಳ್ಳಿ. ಮೇ ತಿಂಗಳ ಸಂಜೆ ಮಳೆಗೆ ಕರೆಂಟು ಹೋಗುವ ಊರುಗಳಲ್ಲಿ ರೌಟರ್‌ಗೊಂದು ಚಿಕ್ಕ ಯುಪಿಎಸ್ ಇರಲಿ.

ಮೊಬೈಲ್ ಡೇಟಾದಲ್ಲಿ ನೋಡುವವರು ಲೆಕ್ಕ ಹಾಕಿಯೇ ಕೂರಬೇಕು. 5 ಎಂಬಿಪಿಎಸ್‌ನಲ್ಲಿ ಗಂಟೆಗೆ 2.25 ಜಿಬಿ ಖರ್ಚಾಗುವುದರಿಂದ, ದಿನಕ್ಕೆ 1.5 ಜಿಬಿಯ ಪ್ಲ್ಯಾನ್ 40 ನಿಮಿಷಕ್ಕೇ ಬರಿದಾಗುತ್ತದೆ. ಗುಣಮಟ್ಟವನ್ನು ‘ಆಟೋ’ದಲ್ಲಿ ಬಿಡದೆ 480ಪಿಗೆ ಇಳಿಸಿ.

ಲಾಗಿನ್ ಅನ್ನು ಟಾಸ್‌ಗಿಂತ ಅರ್ಧ ಗಂಟೆ ಮೊದಲೇ ಮುಗಿಸಿ. ಖಾತೆ ಬೆಂಗಳೂರಿನ ಮಗನ ಹೆಸರಿನಲ್ಲಿದ್ದು, ಟಿವಿ ಶಿವಮೊಗ್ಗದ ಅಪ್ಪ ಅಮ್ಮನ ಮನೆಯಲ್ಲಿದ್ದರೆ, ಓಟಿಪಿ ಬರುವುದು ಮಗನ ಫೋನಿಗೆ. ಆತ ಆಗ ಮೀಟಿಂಗಿನಲ್ಲಿದ್ದರೆ ಪವರ್‌ಪ್ಲೇ ಕೈತಪ್ಪಿದಂತೆಯೇ.

ಇಷ್ಟಾದರೂ ಕಂಪನಿಯ ಕಡೆಯಿಂದಲೇ ತೊಂದರೆಯಾಗಬಹುದು. 2023ರ ವಿಶ್ವಕಪ್ ಫೈನಲ್ ಅನ್ನು ಒಂದು ಹಂತದಲ್ಲಿ 5.9 ಕೋಟಿ ಮಂದಿ ಒಂದೇ ಆ್ಯಪ್‌ನಲ್ಲಿ ನೋಡುತ್ತಿದ್ದರು. ಚಿತ್ರ ನಿಂತಾಗ ಮೊದಲು ಮೊಬೈಲ್ ಡೇಟಾದಲ್ಲಿ ಅದೇ ಪಂದ್ಯವನ್ನು ತೆರೆದು ನೋಡಿ. ಅಲ್ಲಿಯೂ ನಿಂತಿದ್ದರೆ ರೌಟರ್ ಮುಟ್ಟಬೇಡಿ, ಲಾಗ್‌ಔಟ್ ಅಂತೂ ಮಾಡಲೇಬೇಡಿ, ಆ ನೂಕುನುಗ್ಗಲಿನಲ್ಲಿ ಮತ್ತೆ ಒಳಗೆ ಸೇರುವುದು ಕಷ್ಟ.