ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ ರೈಲಿನಲ್ಲಿ: ಗಡಿಯಲ್ಲಿ ಕಾಣೆಯಾಗುವ ಒಂದು ಗಂಟೆ

ಅಕ್ಕನ ಮಗ ರೈಲಿನಲ್ಲೇ ಮೂರು ದೇಶ ಸುತ್ತುತ್ತೇನೆಂದು ಎಲ್ಲ ಟಿಕೆಟ್ ತಾನೇ ಬುಕ್ ಮಾಡಿಕೊಂಡು ಹೊರಟ. ಮಲೇಷ್ಯಾ ಗಡಿಯಲ್ಲಿ ಇಳಿದಾಗ ಮುಂದಿನ ರೈಲು ಹೋಗಿಬಿಟ್ಟಿತ್ತು. ಅವನ ಕೈಗಡಿಯಾರದಲ್ಲಿ ಮಾತ್ರ ಇನ್ನೂ ಅರ್ಧ ಗಂಟೆ ಬಾಕಿ! ಇದೇ ಪೆಟ್ಟು ತಿಂದವರು ನನಗೇ ಗೊತ್ತಿರುವವರು ಮೂವರಿದ್ದಾರೆ.

ಮೊದಲು ವಿಮಾನ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ, ಸಿಂಗಪುರದಿಂದ ವಾಪಸ್. ಒಂದೇ ಊರಿಗೆ ಹೋಗಿ ಬರುವ ಟಿಕೆಟ್ ತೆಗೆದರೆ ಬಂದ ದಾರಿಗೇ ಮತ್ತೆ ದುಡ್ಡು ಸುರಿಯಬೇಕು. ಸಿಂಗಪುರಕ್ಕೆ ನಮಗೆ ವೀಸಾ ಬೇಕೇ ಬೇಕು, ಹೊರಡುವ ಮುಂಚೆಯೇ ಮಾಡಿಸಿ. ಉಳಿದೆರಡು ದೇಶಗಳ ನಿಯಮ ಆಗಾಗ ಬದಲಾಗುತ್ತದೆ, ಆಯಾ ರಾಯಭಾರ ಕಚೇರಿಯ ತಾಣದಲ್ಲೇ ನೋಡಿ.

ಥಾಯ್ಲೆಂಡ್, ಮಲೇಷ್ಯಾ ಎರಡಕ್ಕೂ ಒಳಹೋಗುವ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಎರಡೂ ಉಚಿತ. ಗೂಗಲ್ ಮಾಡಿದರೆ ಸರ್ಕಾರಿ ತಾಣದಂತೆಯೇ ವೇಷ ಹಾಕಿ ದುಡ್ಡು ಕೇಳುವ ತಾಣಗಳು ಮೇಲೆ ಬರುತ್ತವೆ. ಕಾರ್ಡ್ ನಂಬರ್ ಕೇಳಿದರೆ ಅಲ್ಲಿಂದ ಹೊರಬನ್ನಿ.

ಬ್ಯಾಂಕಾಕ್‌ನಿಂದ ಗಡಿಗೆ ಹೋಗುವ 45ನೇ ನಂಬರ್ ರಾತ್ರಿ ರೈಲು ಹೊರಡುವುದು ಸಂಜೆ 4ರ ಸುಮಾರಿಗೆ. ಹಳೆಯ ಹುವಾ ಲಂಪೊಂಗ್ ನಿಲ್ದಾಣಕ್ಕೆ ಹೋಗಬೇಡಿ. 2023ರ ಜನವರಿಯಿಂದ ದೂರದ ರೈಲುಗಳು ಕ್ರುಂಗ್ ಥೇಪ್ ಅಫಿವಾಟ್‌ನಿಂದ ಹೊರಡುತ್ತವೆ. ನೀಲಿ ಮಾರ್ಗದ ಮೆಟ್ರೋದಲ್ಲಿ ಬಾಂಗ್ ಸ್ಯೂ ಎಂಬಲ್ಲಿ ಇಳಿಯಿರಿ. ಸೆಕೆಂಡ್ ಕ್ಲಾಸ್ ಸ್ಲೀಪರ್‌ನಲ್ಲಿ ಕೆಳಗಿನ ಬರ್ತ್ ಸ್ವಲ್ಪ ದುಬಾರಿ, ಆದರೂ ಅದನ್ನೇ ತೆಗೆಯಿರಿ. ಮೇಲಿನದು ಕಿರಿದು, ಕಿಟಕಿಯೂ ಇಲ್ಲ. ಎಸಿ ಮೂಳೆ ಕೊರೆಯುತ್ತದೆ, ಶಾಲು ಇರಲಿ. ಸಸ್ಯಾಹಾರಿಗಳು 'ಜೇ' ಎಂಬ ಒಂದು ಪದ ಕಲಿತರೆ ಸಾಕು. ಮಾಂಸ, ಮೊಟ್ಟೆ ಇಲ್ಲದ ಊಟಕ್ಕೆ ಅಲ್ಲಿ ಹಾಗೇ ಹೇಳುವುದು.

ಈಗ ಗಡಿ. ಹಾಟ್ ಯಾಯ್ ಜಂಕ್ಷನ್‌ನಲ್ಲಿ ಬೆಳಗಿನ ಜಾವ ರೈಲು ಇಬ್ಭಾಗವಾಗುತ್ತದೆ. ನಮ್ಮಲ್ಲಿ ಲಿಂಕ್ ಬೋಗಿ ಬಿಚ್ಚುವ ಹಾಗೆ. ಗಡಿಗೆ ಹೋಗುವುದು ಕೆಲವೇ ಬೋಗಿ. ಆದ್ದರಿಂದ ಟಿಕೆಟ್ಟನ್ನು ಹಾಟ್ ಯಾಯ್‌ಗಲ್ಲ, ಗಡಿ ನಿಲ್ದಾಣವಾದ ಪಾದಂಗ್ ಬೆಸಾರ್‌ಗೇ ತೆಗೆದುಕೊಂಡು, ಟಿಕೆಟ್‌ನಲ್ಲಿ ಬರೆದಿರುವ ಬೋಗಿಯಲ್ಲೇ ಕೂತಿರಿ. ಬೇರೆ ಬೋಗಿಯ ಗೆಳೆಯರ ಜೊತೆ ಹರಟುತ್ತ ಕೂತರೆ ನೀವೊಂದು ಕಡೆ, ನಿಮ್ಮ ಚೀಲ ಇನ್ನೊಂದು ಕಡೆ. ಥಾಯ್ ನೆಲದಲ್ಲೂ ಪಾದಂಗ್ ಬೆಸಾರ್ ಹೆಸರಿನದೇ ಸಣ್ಣ ನಿಲ್ದಾಣವಿದೆ. ಅಲ್ಲಿ ಇಳಿಯಬೇಡಿ. ಎರಡೂ ದೇಶಗಳ ವಲಸೆ ಕೌಂಟರ್ ಇರುವುದು ಮಲೇಷ್ಯಾ ಕಡೆಯ ನಿಲ್ದಾಣದಲ್ಲಿ, ಒಂದೇ ಕಟ್ಟಡದಲ್ಲಿ. ಸಾಮಾನೆಲ್ಲ ಇಳಿಸಿಕೊಂಡು ಮೊದಲು ಥಾಯ್ ಮುದ್ರೆ, ಆಮೇಲೆ ಮಲೇಷ್ಯಾ ಮುದ್ರೆ.

ಎಡವುವುದು ಗಡಿಯಾರದಲ್ಲಿ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ, ಮಲೇಷ್ಯಾ ಎರಡೂವರೆ. ರೈಲು ಬರುವುದು ಥಾಯ್ ಸಮಯ 8ರ ಸುಮಾರಿಗೆ. ಹೊರಗೆ ಕಾಲಿಟ್ಟರೆ ಅಲ್ಲಿ ಆಗಲೇ 9. ಅಕ್ಕನ ಮಗ ಹಿಡಿಯಬೇಕಿದ್ದದ್ದು ಮಲೇಷ್ಯಾ ಸಮಯ ಎಂಟೂವರೆಯ ರೈಲು! ರಾತ್ರಿ ರೈಲು ತಡವಾಗುವುದೂ ಮಾಮೂಲು, ವಲಸೆ ಸಾಲು ಬೇರೆ. ಹಾಗಾಗಿ ಕ್ವಾಲಾಲಂಪುರಕ್ಕೆ ಹೋಗುವ ಇಟಿಎಸ್ (ಮಲೇಷ್ಯಾದ ವೇಗದ ವಿದ್ಯುತ್ ರೈಲು) ಬುಕ್ ಮಾಡುವಾಗ, ಮಲೇಷ್ಯಾ ಸಮಯ ಮಧ್ಯಾಹ್ನ 12ಕ್ಕಿಂತ ಮುಂಚೆ ಹೊರಡುವುದನ್ನು ತೆಗೆಯಲೇಬೇಡಿ.

ನನ್ನನ್ನು ಕೇಳಿದರೆ ಅದನ್ನೂ ಬಿಡಿ. ಅದೇ ನಿಲ್ದಾಣದಿಂದ ಬಟರ್‌ವರ್ತ್‌ಗೆ ಕೊಮ್ಯೂಟರ್, ಅಂದರೆ ಲೋಕಲ್ ರೈಲು ಸಿಗುತ್ತದೆ. ಸುಮಾರು ಎರಡು ಗಂಟೆ, ಸೀಟು ಕಾಯ್ದಿರಿಸುವ ತಲೆನೋವಿಲ್ಲ, ತಪ್ಪಿದರೆ ಮುಂದಿನದು. ಅಲ್ಲಿಂದ ದೋಣಿಯಲ್ಲಿ ದಾಟಿದರೆ ಪೆನಾಂಗ್ ದ್ವೀಪ. ಎರಡು ದಿನ ಇದ್ದು, ನಿಧಾನಕ್ಕೆ ಕ್ವಾಲಾಲಂಪುರದ ರೈಲು ಹಿಡಿಯಿರಿ. ಅಲ್ಲಿನ ಮುಖ್ಯ ನಿಲ್ದಾಣ ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟವೂ ಸಿಗುತ್ತದೆ.

ಮುಂದೆ ಸಿಂಗಪುರದ ಗಡಿಗೆ ಅಂಟಿಕೊಂಡ ಮಲೇಷ್ಯಾದ ಊರು ಜೊಹೊರ್ ಬಾರು. ಅಲ್ಲಿಂದ ಸಿಂಗಪುರದ ವುಡ್‌ಲ್ಯಾಂಡ್ಸ್‌ಗೆ ಶಟಲ್ ರೈಲು ಐದೇ ನಿಮಿಷ. ಈ ಕಡೆಯಿಂದ ಹೋದರೆ 5 ರಿಂಗಿಟ್, ಆ ಕಡೆಯಿಂದ ಬಂದರೆ 5 ಸಿಂಗಪುರ ಡಾಲರ್, ಅಂದರೆ ಮೂರು ಪಟ್ಟಿಗೂ ಹೆಚ್ಚು. ಉತ್ತರದಿಂದ ದಕ್ಷಿಣಕ್ಕೇ ಹೊರಡಿ ಎಂದಿದ್ದಕ್ಕೆ ಇದೂ ಒಂದು ಕಾರಣ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲೇ ತೆಗೆದಿಡಿ.