ದೇವಸ್ಥಾನದ ಭದ್ರತೆಗೆ ಅಮೆರಿಕದ ಫೆಡರಲ್ ಅನುದಾನ: ಅರ್ಜಿ ಹಾಕುವ ಕ್ರಮ

ಅಮೆರಿಕದಲ್ಲಿ ದೇವಸ್ಥಾನವನ್ನೋ ಮಠದ ಶಾಖೆಯನ್ನೋ ಸ್ವಂತ ಕಟ್ಟಡವಿರುವ ಕನ್ನಡ ಸಂಘವನ್ನೋ ನಡೆಸುತ್ತಿದ್ದರೆ, ಕ್ಯಾಮೆರಾ, ಬಾಗಿಲು, ಬೇಲಿ, ದೀಪ, ಕಾವಲುಗಾರರ ಖರ್ಚಿಗೆ ಫೆಡರಲ್ ಸರ್ಕಾರದ ಹಣ ಕೇಳಬಹುದು. ಯೋಜನೆಯ ಹೆಸರು ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್ ಪ್ರೋಗ್ರಾಂ, ಅಂದರೆ ಎನ್‌ಎಸ್‌ಜಿಪಿ. ಹಣ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯದು, ನಡೆಸುವುದು ಆ ಇಲಾಖೆಯ ತುರ್ತು ಪರಿಸ್ಥಿತಿ ನಿರ್ವಹಣಾ ಸಂಸ್ಥೆಯಾದ ಫೆಮಾ. 2024ರಲ್ಲಿ ಒಂದು ಸ್ಥಳಕ್ಕೆ ಗರಿಷ್ಠ 1,50,000 ಡಾಲರ್, ಒಂದೇ ಸಂಸ್ಥೆಯ ಮೂರು ಸ್ಥಳಗಳಿಗೆ 4,50,000 ಡಾಲರ್ ಎಂಬ ಮಿತಿಯಿತ್ತು. ಮಿತಿಯೂ ಷರತ್ತುಗಳೂ ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ಆ ವರ್ಷದ ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು.

ಅರ್ಜಿ ನೇರವಾಗಿ ಫೆಮಾಗೆ ಹೋಗುವುದಿಲ್ಲ. ಪ್ರತಿ ರಾಜ್ಯದಲ್ಲೂ ಸ್ಟೇಟ್ ಅಡ್ಮಿನಿಸ್ಟ್ರೇಟಿವ್ ಏಜೆನ್ಸಿ, ಎಸ್‌ಎಎ, ಎಂಬ ಕಚೇರಿಯಿದೆ. ಪೊಲೀಸ್, ಅಗ್ನಿಶಾಮಕ ಮತ್ತು ತುರ್ತು ಸೇವೆಗಳಿಗೆ ಬರುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅನುದಾನ ಹರಿಯುವುದೂ ಇದೇ ಕಚೇರಿಯ ಮೂಲಕ. ಫೆಮಾ ಹೇಳುವ ಕೊನೆಯ ದಿನ ಎಸ್‌ಎಎಗೆ ಅನ್ವಯಿಸುವಂಥದ್ದು. ನಿಮಗೆ ಎಸ್‌ಎಎ ಕೊಡುವ ದಿನಾಂಕ ಅದಕ್ಕಿಂತ ಮೊದಲೇ ಬರುತ್ತದೆ. ಪ್ರಕಟಣೆ ಬಂದಮೇಲೆ ಸಿಗುವುದು ಕೆಲವೇ ವಾರ. ಈಗಲೇ ನಿಮ್ಮ ರಾಜ್ಯದ ಎಸ್‌ಎಎ ಮೇಲ್ ಪಟ್ಟಿಗೆ ಸಂಸ್ಥೆಯ ವಿಳಾಸ ಸೇರಿಸಿ. ಅಧ್ಯಕ್ಷರ ಖಾಸಗಿ ಮೇಲ್ ಕೊಟ್ಟರೆ ಸಮಿತಿ ಬದಲಾದ ವರ್ಷ ಸೂಚನೆ ಯಾರಿಗೂ ತಲುಪುವುದಿಲ್ಲ.

ಸಂಸ್ಥೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯುಳ್ಳ ಲಾಭರಹಿತ ಸಂಸ್ಥೆ, ಆಗಿರಬೇಕು. ಅರ್ಜಿ ಹಾಕುವಾಗ ಆ ಕಟ್ಟಡ ನಿಮ್ಮ ಬಳಕೆಯಲ್ಲಿರಬೇಕು. ಇನ್ನು ಮುಂದೆ ಕಟ್ಟಲಿರುವ ಮಂದಿರಕ್ಕೆ ಹಣವಿಲ್ಲ, ಅಂಚೆ ಪೆಟ್ಟಿಗೆಯ ವಿಳಾಸವೂ ನಡೆಯುವುದಿಲ್ಲ. ಬಾಡಿಗೆ ಕಟ್ಟಡವಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ರಾಜ್ಯೋತ್ಸವಕ್ಕೆ ಒಂದು ದಿನದ ಮಟ್ಟಿಗೆ ಶಾಲೆಯ ಸಭಾಂಗಣ ಹಿಡಿಯುವ ಕನ್ನಡ ಕೂಟಗಳಿಗೆ ಈ ಯೋಜನೆ ಹೊಂದುವುದಿಲ್ಲ. ಅವರು ಆ ಊರಿನ ಪೊಲೀಸ್ ಠಾಣೆಯೊಂದಿಗೆ ಮಾತಾಡಿಕೊಳ್ಳುವುದೇ ಮೇಲು. ಸ್ಯಾಮ್ ಡಾಟ್ ಗವ್ ಜಾಲತಾಣದಲ್ಲಿ ಸಂಸ್ಥೆಯನ್ನು ಗುರುತಿಸುವ ಯುಇಐ ಸಂಖ್ಯೆ ಪಡೆಯಿರಿ. ಎನ್‌ಎಸ್‌ಜಿಪಿಗೆ ಆ ಸಂಖ್ಯೆಯೊಂದೇ ಸಾಕು, ಪೂರ್ತಿ ನೋಂದಣಿ ಬೇಕಿಲ್ಲ. ನೋಂದಣಿ ಮಾಡಿಕೊಡುತ್ತೇವೆಂದು ದುಡ್ಡು ಕೇಳುವವರಿಗೆ ಕೊಡಬೇಡಿ, ಅದು ಉಚಿತ.

ಮುಖ್ಯ ದಾಖಲೆ ಎರಡು: ಕಟ್ಟಡದ ದುರ್ಬಲತೆಯ ಪರಿಶೀಲನಾ ವರದಿ ಮತ್ತು ಇನ್ವೆಸ್ಟ್‌ಮೆಂಟ್ ಜಸ್ಟಿಫಿಕೇಷನ್ ಎಂಬ ಅರ್ಜಿ ನಮೂನೆ. ಸ್ಥಳ ಎರಡಿದ್ದರೆ ಪ್ರತಿ ಸ್ಥಳಕ್ಕೂ ಈ ಎರಡು ದಾಖಲೆಗಳನ್ನು ಬೇರೆ ಬೇರೆಯಾಗಿ ಕೊಡಬೇಕು. ಜೊತೆಗೆ ಸಂಸ್ಥೆಯ ಉದ್ದೇಶ ಪತ್ರ. ಪರಿಶೀಲನೆಗೆ ಫೆಡರಲ್ ಸರ್ಕಾರದ ಸೈಬರ್ ಮತ್ತು ಮೂಲಸೌಕರ್ಯ ಭದ್ರತಾ ಸಂಸ್ಥೆಯಾದ ಸೀಸಾದ ಪ್ರೊಟೆಕ್ಟಿವ್ ಸೆಕ್ಯುರಿಟಿ ಅಡ್ವೈಸರ್‌ಗಳ ನೆರವು ಉಚಿತ, ಆದರೆ ಅರ್ಜಿಯ ಋತುವಿನಲ್ಲಿ ಅವರ ಸಮಯ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆಯೇ ಕೇಳಿ. ಸ್ಥಳೀಯ ಪೊಲೀಸರನ್ನೂ ಕರೆಯಬಹುದು. ಒಮ್ಮೆ ಕಟ್ಟಡ ಸುತ್ತಿ ನೋಡಿದ ಅಧಿಕಾರಿ ಮುಂದೆ ಕರೆ ಬಂದಾಗ ಯಾವ ಬಾಗಿಲಿಗೆ ಓಡಬೇಕೆಂದು ತಿಳಿದಿರುತ್ತಾರೆ. ಅನುದಾನ ಬರಲಿ ಬಿಡಲಿ, ಆ ಲಾಭ ಉಳಿಯುತ್ತದೆ.

ವರದಿ ಒಂದು ಹೇಳಿ ಬಜೆಟ್ ಇನ್ನೊಂದು ಕೇಳಿದರೆ ಅರ್ಜಿ ಸೋಲಬಹುದು. ಪಾರ್ಕಿಂಗ್ ಕಡೆಯ ಬಾಗಿಲನ್ನೇ ನೋಡಿ. ವರದಿಯಲ್ಲಿ ಹೀಗಿರಬೇಕು: ಜೋಡಿ ಬಾಗಿಲು, ಸಾಮಾನ್ಯ ಗಾಜು, ಮಂಗಳಾರತಿಯ ಹೊತ್ತಿನಲ್ಲಿ ಬೀಗ ಹಾಕುವುದಿಲ್ಲ, ಚಪ್ಪಲಿ ಬಿಡುವ ಕೋಣೆಯಲ್ಲಿ ಯಾರಿದ್ದಾರೆಂದು ಗರ್ಭಗುಡಿಯ ಕಡೆಯಿಂದ ಕಾಣುವುದಿಲ್ಲ. ಅರ್ಜಿಯ ದುರ್ಬಲತೆ ಭಾಗದಲ್ಲಿ ಅದೇ ಬಾಗಿಲು ಅದೇ ಹೆಸರಿನಿಂದ ಬರಬೇಕು. ಬಜೆಟ್‌ನಲ್ಲಿ ಹೊಡೆತ ತಡೆಯುವ ಬಾಗಿಲು, ಕಾರ್ಡಿನಿಂದ ತೆರೆಯುವ ಬೀಗ, ಆ ಕೋಣೆಗೊಂದು ಕ್ಯಾಮೆರಾ, ಮೂರನ್ನೂ ಬೆಲೆ ಸಮೇತ ಬೇರೆ ಸಾಲುಗಳಲ್ಲಿ ಬರೆಯಿರಿ. ಪ್ರತಿ ಉಪಕರಣವೂ ಫೆಮಾದ ಅನುಮೋದಿತ ಉಪಕರಣ ಪಟ್ಟಿಯಲ್ಲಿರಬೇಕು, ಅದರ ಸಂಕೇತ ಸಂಖ್ಯೆಯನ್ನು ಪಕ್ಕದಲ್ಲೇ ನಮೂದಿಸಬೇಕು. ವರದಿಯಲ್ಲಿ ಬೇಲಿಯ ಮಾತೇ ಇಲ್ಲದೆ ಬಜೆಟ್‌ನಲ್ಲಿ ಬೇಲಿ ಕಾಣಿಸಿಕೊಂಡರೆ ಅಂಕ ಹೋಗುತ್ತದೆ.

ಬೆದರಿಕೆಯ ಭಾಗದಲ್ಲಿ ನಿಮ್ಮದೇ ಘಟನೆಗಳು ಬೇಕು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ನಡೆದ ಗುಂಡಿನ ದಾಳಿ, 2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಲ್ವಿಲ್ ಸ್ವಾಮಿನಾರಾಯಣ ಮಂದಿರದ ಹೊರಗೆ ಬರೆದ ದ್ವೇಷದ ಬರಹ, ಇವನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ. ಗೋಡೆಗೆ ಬಣ್ಣ ಬಳಿದದ್ದು, ಹುಂಡಿ ಒಡೆದದ್ದು, ಬೆದರಿಕೆಯ ಕರೆ: ಪ್ರತಿಯೊಂದಕ್ಕೂ ದಿನಾಂಕ ಮತ್ತು ಪೊಲೀಸ್ ವರದಿಯ ಸಂಖ್ಯೆ ಕೊಡಿ. ನಮ್ಮವರಲ್ಲಿ ಎಷ್ಟೋ ಜನ 'ಹೋಗಲಿ ಬಿಡಿ' ಎಂದು ದೂರನ್ನೇ ಕೊಡುವುದಿಲ್ಲ. ದೂರು ಕೊಡಿ, ದಾಖಲೆ ಇಲ್ಲದ ಘಟನೆಗೆ ಅರ್ಜಿಯಲ್ಲಿ ತೂಕವಿಲ್ಲ. ದಾಳಿಯಾದರೆ ಆಗುವ ಪರಿಣಾಮದ ಭಾಗದಲ್ಲಿ ವಾರದ ದಿನ ಎಷ್ಟು ಜನ, ಶಿವರಾತ್ರಿಗೆ ಎಷ್ಟು, ಭಾನುವಾರದ ಕನ್ನಡ ತರಗತಿಯಲ್ಲಿ ಎಷ್ಟು ಮಕ್ಕಳು ಎಂಬ ಲೆಕ್ಕ ಬೇಕು.

ಕಾವಲುಗಾರರನ್ನು ಕೇಳುವುದಾದರೆ ಎಷ್ಟು ಜನ, ಗಂಟೆಗೆ ಎಷ್ಟು, ಯಾವ ದಿನ, ಎಷ್ಟು ಗಂಟೆ ಎಂದು ಬಿಡಿಸಿ ಬರೆಯಿರಿ. ಬಂದೂಕು, ಗುಂಡುಗಳಿಗೆ ಈ ಹಣ ಬಳಸುವಂತಿಲ್ಲ.

ಕ್ಯಾಮೆರಾ ಕೊಳ್ಳುವಾಗ ಎಚ್ಚರ. ಹಿಕ್‌ವಿಷನ್, ದಾಹುವಾ, ಹೈಟೆರಾ, ಹುವಾವೇ, ಝಡ್‌ಟಿಇ ಕಂಪನಿಗಳ ವಿಡಿಯೊ ಮತ್ತು ಸಂಪರ್ಕ ಉಪಕರಣಗಳಿಗೆ ಫೆಡರಲ್ ಹಣ ಬಳಸುವುದನ್ನು ಕಾನೂನು ನಿಷೇಧಿಸಿದೆ. ಬೇರೆ ಹೆಸರಿನ ಡಬ್ಬಿಯೊಳಗೆ ಇವರದೇ ಕ್ಯಾಮೆರಾ ಇರುವುದುಂಟು. ಅಳವಡಿಸುವವರಿಂದ ಮಾಡೆಲ್ ಸಂಖ್ಯೆ ಮತ್ತು ಲಿಖಿತ ಖಾತರಿ ಪಡೆಯಿರಿ. ಸಮಿತಿಯ ಸದಸ್ಯರ ಅಥವಾ ಅವರ ನೆಂಟರ ಅಂಗಡಿಯಿಂದ ಕೊಂಡರೆ ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಏಳುತ್ತದೆ. ಮೂರು ಕಡೆ ದರಪಟ್ಟಿ ತರಿಸಿ, ಆಯ್ಕೆಯ ಕಾರಣವನ್ನು ಸಭೆಯ ನಡಾವಳಿಯಲ್ಲಿ ಬರೆದಿಡಿ.

ಮಂಜೂರಾತಿ ಪತ್ರ ಬಂದ ಕೂಡಲೇ ಕೆಲಸ ಶುರುಮಾಡಬೇಡಿ. ಗೋಡೆ ಕೊರೆಯುವ, ನೆಲ ಅಗೆಯುವ ಯಾವ ಕೆಲಸಕ್ಕೂ ಪರಿಸರ ಮತ್ತು ಐತಿಹಾಸಿಕ ಸಂರಕ್ಷಣಾ ಪರಿಶೀಲನೆ ಮುಗಿದಿರಬೇಕು. ಅದಕ್ಕೆ ಮುಂಚೆ ಒಂದು ಕಂಬ ನೆಟ್ಟರೂ ಆ ಖರ್ಚು ವಾಪಸ್ ಬರದಿರಬಹುದು. ಹಳೆಯ ಚರ್ಚ್ ಕಟ್ಟಡ ಕೊಂಡು ದೇವಸ್ಥಾನ ಮಾಡಿಕೊಂಡವರು ಕಟ್ಟಡದ ವರ್ಷ, ಒಳಹೊರಗಿನ ಫೋಟೊ, ಕೆಲಸ ನಡೆಯುವ ಜಾಗದ ಗುರುತು ಎಲ್ಲವನ್ನೂ ಮೊದಲೇ ಸಿದ್ಧವಿಟ್ಟುಕೊಳ್ಳಿ, ಅಂಥ ಕಟ್ಟಡಗಳಿಗೆ ಹೆಚ್ಚು ಸಮಯ ಹಿಡಿಯುತ್ತದೆ.

ಸಂಸ್ಥೆ ತನ್ನ ಪಾಲು ಸೇರಿಸಬೇಕಿಲ್ಲ ನಿಜ, ಆದರೆ ಸಾಮಾನ್ಯವಾಗಿ ಮೊದಲು ನೀವು ಖರ್ಚು ಮಾಡಿ, ಬಿಲ್ಲು ಕೊಟ್ಟಮೇಲೆ ರಾಜ್ಯ ಹಣ ಮರಳಿಸುತ್ತದೆ. ಕೈಯಲ್ಲಿ ನಗದಿಲ್ಲದ ಸಣ್ಣ ದೇವಸ್ಥಾನಗಳು ಸಿಕ್ಕಿಬೀಳುವುದು ಇಲ್ಲೇ. ಕೆಲಸವನ್ನು ತುಂಡು ತುಂಡಾಗಿ ಮಾಡಿ: ಮೊದಲು ಬಾಗಿಲು, ಆ ಹಣ ಬಂದಮೇಲೆ ಕ್ಯಾಮೆರಾ, ಕೊನೆಗೆ ಬೇಲಿ. ಸಾಮಾನ್ಯವಾಗಿ 36 ತಿಂಗಳ ಅವಧಿಯಿರುತ್ತದೆ, ಅದರಲ್ಲಿ ರಾಜ್ಯ ಸ್ವಲ್ಪ ಕಡಿಮೆ ಕೊಡಬಹುದು. ಬಿಲ್ಲು, ಚೆಕ್ಕಿನ ಪ್ರತಿ, ದರಪಟ್ಟಿ, ಅಳವಡಿಸಿದ ಫೋಟೊ ಒಂದೇ ಕಡತದಲ್ಲಿರಲಿ. ಅನುದಾನದ ಲೆಕ್ಕ ಮುಗಿದಮೇಲೂ 3 ವರ್ಷ ಅದನ್ನು ಕಾಪಾಡಬೇಕು.