ಅಗ್ಗದ ಕೀಚೈನ್ ಟಾರ್ಚ್‌ನ ಮನೇಲೇ ಸರಿಮಾಡ್ಕೊಳ್ಳೋದು ಹೇಗೆ

ಜಾತ್ರೇಲಿ, ಬಸ್ ಸ್ಟ್ಯಾಂಡಲ್ಲಿ, ಮೊಬೈಲ್ ಅಂಗಡಿ ಕೌಂಟರ್ ಮೇಲೆ ನೇತಾಕಿರೋ ಚಿಕ್ಕ ಕೀಚೈನ್ ಟಾರ್ಚ್ ಇರತ್ತಲ್ಲ, ಅದನ್ನ ತಗೊಂಡವ್ರು ಸ್ವಲ್ಪ ದಿನ ಖುಷಿಯಾಗಿ ಉರಿಸಿ, ಬೆಳಕು ಮಂಕಾದ್ಮೇಲೆ ಟಿವಿ ಸ್ಟ್ಯಾಂಡ್ ಡ್ರಾಯರ್‌ಗೆ ಎಸೀತಾರೆ. ಬಿಚ್ಚಿ ನೋಡಿದ್ರೆ ಅದರೊಳಗೆ ಕೆಡೋಕೆ ಅಂತ ಏನೂ ಇಲ್ಲ ಕಣ್ರೀ, ಒಂದು 5 ಮಿ.ಮೀ. ಎಲ್‌ಇಡಿ, ಒಂದೆರಡು ಬಟನ್ ಸೆಲ್, ಒಂಚೂರು ತಗಡು, ಇಷ್ಟೇ. ಮೂರನ್ನೂ ಬದಲಾಯಿಸ್ಬೋದು. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಬೆಳಕು ಜಾಸ್ತಿ ಮಾಡೋ ಟ್ರಿಕ್ ಬೇಕು ಅಂತ ಬಂದಿದ್ರೆ ಇಲ್ಲಿ ಸಿಗಲ್ಲ. ಈ ಟಾರ್ಚ್‌ಗಳ ರೋಗವೇ ಜಾಸ್ತಿ ಉರಿಯೋದು, ಹಾಗಾಗಿ ನಾವು ಮಾಡೋ ಕೆಲಸ ಬಹುತೇಕ ಅದನ್ನ ತಣ್ಣಗೆ ಮಾಡೋದೇ.

ಪ್ಲಾಸ್ಟಿಕ್ಕಿಂದು, ಒತ್ತಿದ್ರೆ ಹತ್ಕೊಳ್ಳೋ ಚಪ್ಪಟೆ ಟಾರ್ಚ್ ಮೊದ್ಲು ತಗೊಳ್ಳೋಣ. ಸ್ಕ್ರೂ ಇದ್ರೆ ಚಿಕ್ಕ ಸ್ಕ್ರೂಡ್ರೈವರ್, ಇಲ್ಲಾಂದ್ರೆ ಅಂಚಲ್ಲಿ ಉಗುರು ಹಾಕಿದ್ರೆ ಎರಡು ಹೋಳಾಗತ್ತೆ. ಒಳಗೆ ಸಾಮಾನ್ಯವಾಗಿ ಎರಡು ಸಿಆರ್2016 ಸೆಲ್ ಒಂದರ ಮೇಲೊಂದು ಕೂತಿರತ್ತೆ. ಒಂದೊಂದೂ 3 ವೋಲ್ಟ್, ಒಟ್ಟು 6. ಬಿಳಿ ಎಲ್‌ಇಡಿಗೆ ಬೇಕಾಗೋದು 3ರಿಂದ 3.4 ವೋಲ್ಟ್, ಮಧ್ಯೆ ಕರೆಂಟ್ ತಡೆಯೋ ರೆಸಿಸ್ಟರ್ ಅನ್ನೋ ಬಿಡಿಭಾಗವೇ ಇಲ್ಲ, ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಒಂದೇ ಕರೆಂಟನ್ನ ತಡ್ಕೊಂಡಿರತ್ತೆ. ಅಂಗಡೀಲಿ ಕಣ್ಣು ಕುಕ್ಕೋ ಹಾಗೆ ಉರಿಯೋದೂ, ಮನೇಲಿ ಬೇಗ ಸಾಯೋದೂ ಇದರಿಂದ್ಲೇ.

ಇದಕ್ಕೆ ಮದ್ದು ಸುಲಭ. ಎರಡು 2016 ತೆಗೆದು ಒಂದು ಸಿಆರ್2032 ಹಾಕಿ. ಸೆಲ್ ಮೇಲಿನ ನಂಬರೇ ಅಳತೆ: 20 ಅಂದ್ರೆ ಅಗಲ 20 ಮಿ.ಮೀ., 16 ಅಂದ್ರೆ ದಪ್ಪ 1.6 ಮಿ.ಮೀ., 32 ಅಂದ್ರೆ 3.2. ಎರಡು 2016ರ ಜಾಗದಲ್ಲಿ ಒಂದು 2032 ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರತ್ತೆ. ಕೆಪಾಸಿಟಿ ಲೆಕ್ಕವೂ ನೋಡಿ, 2016ಕ್ಕೆ ಸುಮಾರು 90 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋದರ ಅಳತೆ), ಎರಡನ್ನ ಸೀರೀಸಲ್ಲಿ, ಅಂದ್ರೆ ಒಂದರ ಮೇಲೊಂದು ಇಟ್ರೂ ಅದು 90ರಷ್ಟೇ ಇರತ್ತೆ, 2032ಕ್ಕೆ ಸುಮಾರು 220. ಬೆಳಕು ಎದ್ದು ಕಾಣೋಷ್ಟು ಕಮ್ಮಿಯಾಗತ್ತೆ ನಿಜ, ಆದ್ರೆ ಕರೆಂಟ್ ಹೋದಾಗ ಮೆಟ್ಟಿಲು ಇಳಿಯೋಕೆ, ಬೀಗದ ತೂತು ಹುಡುಕೋಕೆ, ಮಂಚದ ಕೆಳಗೆ ಚಪ್ಪಲಿ ನೋಡೋಕೆ ಧಾರಾಳ ಸಾಕು, ಮತ್ತೆ ಫಟ್ ಅಂತ ಆರದೆ ನಿಧಾನಕ್ಕೆ ಮಂಕಾಗ್ತಾ ಹೋಗತ್ತೆ. ಎಲ್‌ಇಡಿಯ ಉದ್ದ ಕಾಲು ಸೆಲ್‌ನ ಪ್ಲಸ್ ಗುರುತಿರೋ ಅಗಲ ಮುಖಕ್ಕೆ ತಾಗ್ಬೇಕು. ಉಲ್ಟಾ ಹಾಕಿದ್ರೆ ಉರಿಯಲ್ಲ ಅಷ್ಟೇ, ತಿರುಗಿಸಿ ಹಾಕಿ.

ಹಾಗೇ ಬಿಚ್ಚಿದ್ದಾಗ ಇನ್ನೊಂದು ಕೆಲಸ ಮಾಡ್ಕೊಳ್ಳಿ. ಈ ಒತ್ತೋ ಟಾರ್ಚ್‌ಗಳು ಜೇಬಲ್ಲಿ ಕೀಗಳ ಮಧ್ಯೆ ತಾವೇ ಹತ್ಕೊಂಡು ಸೆಲ್ ತಿಂದು ಹಾಕ್ತವೆ. ಒಂದು ತುಂಡು ಇನ್ಸುಲೇಷನ್ ಟೇಪ್‌ನ ಕಾಗದಕ್ಕೆ ಅಂಟಿಸಿ, ಆಫೀಸ್ ಪಂಚಿಂಗ್ ಮಷಿನ್ನಲ್ಲಿ ನಡುವೆ ತೂತು ಹೊಡೆದು, ಕಾಗದದಿಂದ ಕಿತ್ತು ಸೆಲ್‌ನ ಮುಖಕ್ಕೆ ಅಂಟಿಸಿ, ಯಾವ ಕಾಲು ಒತ್ತಿದಾಗ ಬಗ್ಗತ್ತೋ ಆ ಕಡೆಗೆ, ಕಾಲಿನ ತುದಿ ಸರಿಯಾಗಿ ತೂತಿನ ಮೇಲೆ ಬರೋ ಹಾಗೆ. ಈಗ ಬೆರಳಿಟ್ಟು ನೇರ ಒತ್ತಿದ್ರೆ ಮಾತ್ರ ಕಾಲು ಲೋಹಕ್ಕೆ ತಾಗತ್ತೆ, ಅಕ್ಕಪಕ್ಕದ ಒತ್ತಡಕ್ಕೆ ಬಗ್ಗಲ್ಲ. ಟೇಪ್ ದಪ್ಪ ಜಾಸ್ತಿಯಾಗಿ ಉರೀದೇ ಇದ್ರೆ ಕಾಲನ್ನ ಇಕ್ಕಳದಲ್ಲಿ ಒಂಚೂರು ಒಳಕ್ಕೆ ಬಗ್ಗಿಸಿ.

ಅಲ್ಯೂಮಿನಿಯಂ ಕೊಳವೆ ಥರದ್ದು ಇದ್ರೆ ಅದರಲ್ಲಿ ಮೂರು ಎಲ್‌ಆರ್44 (ಕೆಲವು ಪ್ಯಾಕೆಟ್ ಮೇಲೆ ಎಜಿ13 ಅಂತಿರತ್ತೆ, ಎರಡೂ ಒಂದೇ) ಅಥವಾ ಇನ್ನೂ ಚಿಕ್ಕ ಎಲ್‌ಆರ್41 ಇರತ್ತೆ, 1.5ರ ಮೂರು ಅಂದ್ರೆ 4.5 ವೋಲ್ಟ್. ಇಲ್ಲಿ ಸೋಲ್ಡರಿಂಗ್ ಬರೋರು ಒಂದು ರೆಸಿಸ್ಟರ್ ಹಾಕ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. 4.5ರಲ್ಲಿ ಎಲ್‌ಇಡಿಯ 3.1 ಕಳೆದ್ರೆ 1.4 ಉಳೀತು, ಅದನ್ನ ಬೇಕಾದ ಕರೆಂಟಿಂದ ಭಾಗಿಸಿ, 20 ಮಿಲಿಆಂಪ್ ಬೇಕು ಅಂದ್ರೆ 70 ಓಮ್, ಅಂಗಡೀಲಿ ಸಿಗೋದು 68, ಅಂದ್ರೆ ಮೈಮೇಲೆ ನೀಲಿ-ಬೂದು-ಕಪ್ಪು ಪಟ್ಟಿ ಇರೋದು. ನಾನಾದ್ರೆ 150 ಓಮ್ ಹಾಕ್ತೀನಿ, ಅರ್ಧದಷ್ಟು ಕರೆಂಟ್ ಸಾಕು, ಕಣ್ಣಿಗೆ ಬೆಳಕು ಅರ್ಧ ಆದ ಹಾಗೇನೂ ಕಾಣಲ್ಲ. ಕಾಲು ವ್ಯಾಟಿನ ರೆಸಿಸ್ಟರ್ ಜಾಗಕ್ಕೆ ದಪ್ಪ ಅನ್ಸಿದ್ರೆ ಎಂಟನೇ ಒಂದು ವ್ಯಾಟಿಂದು ತಗೊಳ್ಳಿ. ಎಲ್‌ಇಡಿಯ ಒಂದು ಕಾಲನ್ನ ಗಿಡ್ಡ ಕತ್ತರಿಸಿ ರೆಸಿಸ್ಟರ್‌ನ ಅಲ್ಲಿ ಸೇರಿಸಿ ಸೋಲ್ಡರ್ ಮಾಡಿ ಮೇಲೆ ಸ್ಲೀವ್ (ಕರೆಂಟ್ ಹರಿಯದ ಪ್ಲಾಸ್ಟಿಕ್ ಕೊಳವೆ) ಹಾಕಿ, ಇಲ್ದಿದ್ರೆ ಬಾಡಿಗೆ ತಾಗಿ ಶಾರ್ಟ್ ಆಗತ್ತೆ.

ಈ ಲೋಹದ ಟಾರ್ಚ್ ಮಿಣಮಿಣ ಅಂದ್ರೆ ಎಲ್‌ಇಡಿ ಹೋಯ್ತು ಅಂದ್ಕೋಬೇಡಿ, ಬಹಳ ಸಲ ಕಾಂಟ್ಯಾಕ್ಟ್ ಕೊಳೆ ಇರತ್ತೆ. ಕರೆಂಟ್ ಬಾಡಿ ಮೂಲಕವೇ ಓಡೋದು, ಬಣ್ಣ ಇರೋ ಕಡೆ ಹರಿಯಲ್ಲ, ಕೊಳವೆ ತುದಿಯಲ್ಲಿ ಬರೀ ಲೋಹ ಕಾಣೋ ಅಂಚು ಇರತ್ತಲ್ಲ ಅದನ್ನ ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಉಜ್ಜಿ, ಮೊಬೈಲ್ ರಿಪೇರಿಯವ್ರ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಸಿಕ್ರೆ ಅದರಲ್ಲಿ ಒರೆಸಿ. ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮನೇಲಿದೆ ಅಂತ ಕೊಬ್ಬರಿ ಎಣ್ಣೆ ಹಾಕೋರಿದ್ದಾರೆ, ಬೇಡ, 24 ಡಿಗ್ರಿಗಿಂತ ಕೆಳಗೆ ಬಂದ್ರೆ ಅದು ಗಟ್ಟಿಯಾಗತ್ತೆ, ಮೇಲಿಂದ ಜೇಬಿನ ಧೂಳನ್ನೆಲ್ಲ ಹಿಡ್ಕೊಳ್ಳತ್ತೆ.

ಈಗ ಬೆಳಕಿನ ಗುಣ. ಅಗ್ಗದ ಬಿಳಿ ಎಲ್‌ಇಡಿ ನೀಲಿ ಹೊಡೆಯತ್ತೆ, ಯಾಕಂದ್ರೆ ಅದು ಮೂಲದಲ್ಲಿ ನೀಲಿ ಎಲ್‌ಇಡಿನೇ, ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಮಾಡಿರ್ತಾರೆ, ಕರೆಂಟ್ ಜಾಸ್ತಿ ನುಗ್ಗಿದ್ರೆ ಇನ್ನಷ್ಟು ನೀಲಿಗೆ ತಿರುಗತ್ತೆ. ಬೆಂಗಳೂರಲ್ಲಿರೋರು ಎಸ್.ಪಿ. ರೋಡಿಗೆ ಹೋಗಿ ವಾರ್ಮ್ ವೈಟ್ (ಹಳದಿ ಛಾಯೆ ಇರೋ ಬಿಳಿ) 5 ಮಿ.ಮೀ. ಎಲ್‌ಇಡಿ ಕೇಳಿ, ಉಳಿದೋರು ಯಾವುದೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡೀಲಿ. 2032 ಸೆಲ್ ಜೊತೇಲಿ ಒಯ್ದು ಎಲ್‌ಇಡಿ ಕಾಲುಗಳ ಮಧ್ಯೆ ಸಿಕ್ಕಿಸಿದ್ರೆ ಅಲ್ಲೇ ಬಣ್ಣ ಗೊತ್ತಾಗತ್ತೆ.

ಬೆಳಕು ನಡುವೆ ಒಂದೇ ಚುಕ್ಕೆಯಾಗಿ ಬೀಳತ್ತೆ ಅನ್ನೋರು 400 ನಂಬರ್ ಎಮರಿ ಪೇಪರ್ ಟೇಬಲ್ ಮೇಲಿಟ್ಟು ಎಲ್‌ಇಡಿಯ ಗುಮ್ಮಟವನ್ನ ಸುತ್ತ ತಿರುಗಿಸ್ತಾ ಉಜ್ಜಿ, ಆಮೇಲೆ 800ರಲ್ಲಿ. ಗಾಜಿನ ಹಾಗಿದ್ದಿದ್ದು ಹಾಲಿನ ಬಣ್ಣಕ್ಕೆ ಬಂದ ತಕ್ಷಣ ನಿಲ್ಲಿಸಿ. ಚಪ್ಪಟೆ ಮಾಡೋಣ ಅಂತ ಉಜ್ಜುತ್ತಾ ಹೋದ್ರೆ ಒಳಗೆ ಕೂದಲಿಗಿಂತ ತೆಳ್ಳಗಿನ ತಂತಿ ಇದೆ, ಅದು ಕಿತ್ರೆ ಮುಗೀತು. ಎಲ್‌ಇಡಿ ಕೂರಿಸೋಕೆ ಫೆವಿಕ್ವಿಕ್ ಥರದ ಗಮ್ ಬೇಡ, ಅದರ ಹೊಗೆ ಲೆನ್ಸ್ ಮೇಲೆ ಬಿಳಿ ಮಬ್ಬು ಕೂರಿಸತ್ತೆ. ಎರಡು ಭಾಗ ಕಲಸೋ ಎಪಾಕ್ಸಿ ಒಳ್ಳೇದು.

ಯುಎಸ್‌ಬಿ ಚಾರ್ಜ್ ಆಗೋ ಕೀಚೈನ್ ಲೈಟ್‌ಗಳ ತಂಟೆಗೆ ನಾನಂತೂ ಹೋಗಲ್ಲ. ಒಳಗಿರೋ ಲಿಥಿಯಂ ಪೌಚ್‌ಗೆ ಸ್ಕ್ರೂಡ್ರೈವರ್ ತುದಿ ತಾಗಿದ್ರೆ ಬೆಂಕಿ. ಹಾಗೇ ರೀಚಾರ್ಜ್ ಆಗೋ ಎಲ್‌ಐಆರ್2032 ಹಾಕೋಣ ಅಂತ ಐಡಿಯಾ ಬಂದ್ರೆ ಬಿಟ್ಬಿಡಿ, ಫುಲ್ ಚಾರ್ಜಲ್ಲಿ ಅದು 4.2 ವೋಲ್ಟ್, ಕೆಪಾಸಿಟಿ ನೋಡಿದ್ರೆ 40 ಎಂಎಎಚ್ ಆಸುಪಾಸು. ಮಾಮೂಲಿ ಸಿಆರ್ ಸೆಲ್‌ನ ಚಾರ್ಜ್ ಮಾಡೋದಾಗ್ಲಿ, ಅದರ ಮೇಲೆ ನೇರ ಸೋಲ್ಡರ್ ಮಾಡೋದಾಗ್ಲಿ ಬೇಡವೇ ಬೇಡ. ಮನೇಲಿ ಚಿಕ್ಕ ಮಕ್ಕಳಿದ್ರೆ ಬಿಚ್ಚಿದ ಸೆಲ್ ಟೇಬಲ್ ಮೇಲೆ ಬಿಟ್ಟು ಎದ್ದು ಹೋಗ್ಬೇಡಿ, ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡೋಕೆ ಸಾಕು. ನುಂಗಿರ್ಬೋದು ಅಂತ ಅನುಮಾನ ಬಂದ್ರೂ ಕಾಯದೆ ಆಸ್ಪತ್ರೆಗೆ ಓಡಿ.

ಎರಡನೇ ಟಾರ್ಚ್ ಇದ್ರೆ ಅದಕ್ಕೆ ಕೆಂಪು ಎಲ್‌ಇಡಿ ಹಾಕ್ಕೊಳ್ಳಿ. ರಾತ್ರಿ ಮಗು ಏಳದ ಹಾಗೆ ಕೋಣೆಗೆ ಹೋಗೋಕೆ, ಟೆರೇಸಲ್ಲಿ ನಕ್ಷತ್ರ ನೋಡುವಾಗ ಕಣ್ಣು ಕತ್ತಲಿಗೆ ಒಗ್ಗಿರೋದು ಕೆಡಬಾರದು ಅಂತಿದ್ರೆ, ಇದೇ ಬೆಸ್ಟ್. ಕೆಂಪಿಗೆ ಬರೀ 2 ವೋಲ್ಟ್ ಸಾಕು, ಹಾಗಾಗಿ ಒಂದೇ 2032 ಜೊತೆ 100 ಓಮ್ ರೆಸಿಸ್ಟರ್ ಹಾಕಿ, 10 ಮಿಲಿಆಂಪ್ ಹತ್ರ ಓಡತ್ತೆ. ಇನ್ನೊಂದು ಲಾಭ ಅಂದ್ರೆ ಬಿಳಿ ಟಾರ್ಚ್‌ಗೆ, ಕಾರ್ ಕೀಗೆ ಆಗಲ್ಲ ಅಂತ ತೆಗೆದ ಹಳೇ 2032 ಕೂಡ ಇದರಲ್ಲಿ ಇನ್ನೂ ಎಷ್ಟೋ ದಿನ ಓಡತ್ತೆ. ಅದೂ ಪೂರ್ತಿ ಸತ್ಮೇಲೆ ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ವೇಸ್ಟ್ ಡಬ್ಬಕ್ಕೆ ಹಾಕಿ.